ಹಕ್ಕಿಗೆ ಕೊಂಬು

ಮಾರ್ಚ್ ೯, ಸೋಮವಾರ
ಮಾವನ ಬೋರ್ಡ್ ಅಂಗಡಿ, ಏಣಿಯ ಮೇಲಿನಿಂದ

ಲಾರಿ ಚಾಲಕ ಶಿರೋಮಣಿ, ಹೆದ್ದಾರಿಗಳ ಒಡೆಯ, ನನ್ನ ಏಕೈಕ ಅಣ್ಣನ ಘನ ಸನ್ನಿಧಾನಕ್ಕೆ,

ನಿನ್ನ ತಂಗಿಯ ಸಾಷ್ಟಾಂಗ ನಮಸ್ಕಾರ. ಸದ್ಯಕ್ಕೆ ತಲೆ ಬಾಗಿಸಿದ್ದನ್ನಷ್ಟೇ ಸ್ವೀಕರಿಸು. ಏಣಿಯ ಮೇಲೆ ಕೂತು ಪೂರ್ತಿ ನಮಸ್ಕಾರ ಹಾಕಿದರೆ ಎಂಟು ಅಂಗಗಳೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ.

ನಿನ್ನ ಪತ್ರಕ್ಕೆ ಉತ್ತರ ಬರೆಯೋಕೆ ತಡವಾಯಿತು, ಮನ್ನಿಸು. ಬೆರಳಿಗೆ ಹತ್ತಿದ ನೀಲಿ ಬಣ್ಣ ಸೀಮೆಎಣ್ಣೆಗೂ ಜಗ್ಗದೆ ಕೂತಿತ್ತು, ಬರೆದದ್ದೆಲ್ಲ ಮಸಿಯಾಗುತ್ತಿತ್ತು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು "ಹ್ಞೂಂ" ಬಿಟ್ಟು ಬೇರೆ ಮಾತಾಡಲ್ಲ. ಊರಿನ ವಿಷಯ ಎತ್ತಿದರೆ "ಸಿಗ್ನಲ್ ಸಿಗ್ತಿಲ್ಲ" ಅಂತ ಇಟ್ಟುಬಿಡ್ತೀಯ. ಪತ್ರಕ್ಕೆ ಸಿಗ್ನಲ್ ಬೇಡ. ಕೂತು ಓದು.

ಮೊದಲು ಮನೆಯ ಸಮಾಚಾರ. ಅಮ್ಮನ ಮೊಣಕಾಲು ಮೆಟ್ಟಿಲು ಕಂಡ ಕೂಡಲೇ ಮುಷ್ಕರ ಹೂಡುತ್ತದೆ. ಅಪ್ಪ ರಿಪೇರಿಗೆ ಬಂದ ರೇಡಿಯೋಗಳ ಜೊತೆ ಆಡುವಷ್ಟು ಮಾತು ನಮ್ಮ ಜೊತೆ ಆಡಲ್ಲ. ಮಾವ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡಿದ್ದಾರೆ. ಪಟ್ಟಿ ಕಟ್ಟಿಸಿಕೊಂಡು, ಅಂಗಡಿಯ ಒಂದೇ ಒಂದು ಕುರ್ಚಿಯಲ್ಲಿ ಮಹಾರಾಜರ ಹಾಗೆ ಕೂತು, ಎಡಗೈ ಬೆರಳು ತೋರಿಸಿ ನನ್ನ ತಪ್ಪು ಹುಡುಕುತ್ತಾರೆ. ಹೀಗಾಗಿ ಕುಂಚ, ಡಬ್ಬ, ಏಣಿ ಸಮೇತ ಇಡೀ ಸಾಮ್ರಾಜ್ಯ ನನ್ನ ಕೈಗೆ ಬಂದಿದೆ.

ಈಗ ನಿನಗೆ ಹಿಡಿಸದ ಒಂದು ಪದ ಬರುತ್ತದೆ. ಗಟ್ಟಿಯಾಗಿ ಕೂತುಕೋ. ಪೊಲೀಸ್ ಸ್ಟೇಷನ್.

ಪತ್ರ ಮಡಚಬೇಡ, ಅಣ್ಣ. ಇದು ನಗುವ ಸಂಗತಿ.

ಸ್ಟೇಷನ್ನಿನ ಒಳಗೋಡೆಗೆ ಒಂದು ಬೋರ್ಡಿದೆ. ಬಿಳಿ ಹಲಗೆ, ನೀಲಿ ಅಕ್ಷರ. ನನಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ ನಮ್ಮ ಮಾವನೇ ಬರೆದದ್ದು. ಹೋದ ತಿಂಗಳು ಮೇಲಿನ ಆಫೀಸಿನಿಂದ ಯಾರೋ ಬಂದು ಅದರ ಫೋಟೋ ತೆಗೆದುಕೊಂಡು ಹೋದರಂತೆ. ಆ ಫೋಟೋ ನೋಡಿ ದೊಡ್ಡ ಸಾಹೇಬರೊಬ್ಬರು ಚಹಾ ಉಗುಳುವಷ್ಟು ನಕ್ಕರಂತೆ. ಯಾಕೆ ಗೊತ್ತಾ? ಮೇಲೆ ದಪ್ಪ ಅಕ್ಷರದಲ್ಲಿ "ಬಂಧಿತರ ಹಕ್ಕಿಗಳು" ಅಂತಿದೆ!

ಹಕ್ಕಿಗಳು, ಅಣ್ಣ! ರೆಕ್ಕೆ ಇರೋ ಹಕ್ಕಿಗಳು! ಇಷ್ಟು ವರ್ಷ ಪೊಲೀಸರು, ವಕೀಲರು, ಕಳ್ಳರು, ಕಳ್ಳತನದ ದೂರು ಕೊಡಲು ಬಂದವರು, ಎಲ್ಲರೂ ಅದರ ಮುಂದೆಯೇ ಓಡಾಡಿದ್ದಾರೆ. ಒಬ್ಬರಾದರೂ ಓದಿದ್ದರೆ ತಾನೇ ಗೊತ್ತಾಗೋದು.

ಮಾವನನ್ನು ವಿಚಾರಣೆಗೆ ಗುರಿಪಡಿಸಿದೆ. "ಏನಿದು ಮಾವ ನಿಮ್ಮ ಘನಕಾರ್ಯ?"

"ಅವತ್ತು ಬೆಳಿಗ್ಗೆ ಗಿಳಿ-ಪಾರಿವಾಳ ಮಾರೋನ ಅಂಗಡಿ ಬೋರ್ಡ್ ಬರೆದಿದ್ದೆ ಕಣೇ. 'ಬಣ್ಣದ ಹಕ್ಕಿಗಳು ಸಿಗುತ್ತವೆ' ಅಂತ. ಮಧ್ಯಾಹ್ನ ಸ್ಟೇಷನ್ ಬೋರ್ಡ್ ಕೈಗೆತ್ತಿಕೊಂಡೆ. ಕೈ ಅದೇ ಓಟದಲ್ಲಿ ಹೋಗಿಬಿಡ್ತು. ನಾವು ಅಕ್ಷರ ನೋಡ್ತೀವಿ, ಅರ್ಥ ನೋಡ್ತೀವಾ?"

ನಮ್ಮ ಕಸುಬಿನ ಪಾಠ ಇದು. ಓದುತ್ತ ಕೂತರೆ ಕೈ ನಡುಗುತ್ತದೆ, ಗೀಟು ಸೊಟ್ಟಗಾಗುತ್ತದೆ. ಆಕಾರ ನೋಡು, ಮುಂದಕ್ಕೆ ಹೋಗು. ನಾನೂ ಹಾಗೇ ಕಲಿತವಳು. ದೊಡ್ಡ ಸಾಹೇಬರು ಮಾರನೇ ದಿನ ಖುದ್ದು ಸ್ಟೇಷನ್ ನೋಡೋಕೆ ಬರುವವರಿದ್ದರು, ಅಷ್ಟರಲ್ಲಿ ಹಕ್ಕಿಯನ್ನು ಹಕ್ಕು ಮಾಡಬೇಕಿತ್ತು. ಮಾವ ಅಪ್ಪಣೆ ಕೊಡಿಸಿದರು: "ಗುಡಿಸು ಕೆರೆದು, ತಲೆಕಟ್ಟು ಕಟ್ಟಿ, ಪಕ್ಕಕ್ಕೆ ಕೊಂಬು ಕೊಡು. ಬಾಯಿ ಮುಚ್ಚಿಕೊಂಡು ಬಾ." ಮೊದಲರ್ಧವನ್ನು ನಾನು ಶಿರಸಾ ವಹಿಸಿದೆ.

ಬೋರ್ಡಿನ ಕೆಳಗೆ ಒಂದು ಮರದ ಬೆಂಚಿದೆ. ಏಣಿ ಒರಗಿಸಲು ಹೋದರೆ, ಅಲ್ಲಿ ನಮ್ಮ ಬೀದಿಯ ಇಸ್ತ್ರಿ ಅತ್ತೆ ಕೂತಿದ್ದಾಳೆ! ಬೀದಿಯವರ ಅಂಗಿ, ಸೀರೆ, ಗುಟ್ಟುಗಳನ್ನೆಲ್ಲ ಸುಕ್ಕಿಲ್ಲದ ಹಾಗೆ ಇಡುವ ಆ ಹೆಂಗಸಿನ ಮುಖವೇ ಮುದುಡಿದ ಬಟ್ಟೆಯ ಹಾಗಿತ್ತು.

"ಏನತ್ತೆ, ಇಲ್ಲಿ?"

"ಕೂತಿರು ಅಂದ್ರು, ಕೂತಿದೀನಿ ಕಣೇ ಪುಟ್ಟಿ. ನಿನ್ನೆ ಬೆಳಿಗ್ಗೆಯಿಂದ."

"ಯಾಕಂತೆ?"

"ಯಾಕೆ ಅಂತ ಕೇಳಿದ್ರೆ 'ನಿನಗೇ ಗೊತ್ತು' ಅಂತಾರೆ. ನನಗೆ ಗೊತ್ತಿದ್ರೆ ಇವರನ್ಯಾಕೆ ಕೇಳಲಿ? ಒಪ್ಪಿಕೊಂಡುಬಿಡು, ಮನೆಗೆ ಕಳಿಸ್ತೀವಿ ಅಂತಾರೆ. ಏನನ್ನ ಒಪ್ಪಿಕೊಳ್ಳಲಿ ಅಂದ್ರೆ, ಮೊದಲು ಒಪ್ಪಿಕೋ, ಆಮೇಲೆ ಹೇಳ್ತೀವಿ ಅಂತಾರೆ." ದನಿ ತಗ್ಗಿಸಿ ಕೇಳಿದಳು, "ಒಪ್ಕೊಂಡುಬಿಡಲಾ ಪುಟ್ಟಿ? ಸೊಂಟ ಬಿದ್ದುಹೋಗಿದೆ. ಮಗಳಿಗೆ ನಾನೆಲ್ಲಿದೀನಿ ಅಂತಾನೂ ಗೊತ್ತಿಲ್ಲ."

ಅಣ್ಣ, ನಾನು ಡಬ್ಬ ಹಿಡಿದು ಏಣಿ ಹತ್ತಿದೆ. ಗುಡಿಸು ಕೆರೆದೆ. ತಲೆಕಟ್ಟು ಕಟ್ಟಿದೆ. ಕುಂಚ ಅದ್ದುವಾಗ ಕಣ್ಣು ಕೆಳಗಿನ ಸಾಲುಗಳ ಮೇಲೆ ಬಿತ್ತು. ಮಾವನ ಪಾಠ ಮುರಿದು, ಜೀವಮಾನದಲ್ಲಿ ಮೊದಲ ಸಲ, ಬೋರ್ಡಿನ ಅರ್ಥ ನೋಡಿದೆ. ನೋಡಿದ ಮೇಲೆ ನನ್ನ ತಲೆಯಲ್ಲಿ ಕೆಟ್ಟ ಬುದ್ಧಿಯೊಂದು ಎದ್ದು ಮೈಮುರಿಯಿತು. ಅದರ ಲಕ್ಷಣ ನಿನಗೆ ಗೊತ್ತು. ನಿನ್ನ ಶೂನೊಳಗೆ ಹಿಟ್ಟು ತುಂಬಿದ ದಿನವೂ ಹೀಗೇ ಎದ್ದಿತ್ತು.

ಮೇಜಿನ ಹಿಂದೆ ಒಬ್ಬ ಕಾನ್‌ಸ್ಟೆಬಲ್ ಆಕಳಿಸುತ್ತಿದ್ದರು. ಮಾತಿಗೊಂದು ಆಕಳಿಕೆ. ನಾನು ಪರಮ ವಿನಯದಿಂದ ಹೇಳಿದೆ, "ಸರ್, ಮತ್ತೆ ತಪ್ಪಾದರೆ ದೊಡ್ಡ ಸಾಹೇಬರು ನಗ್ತಾರೆ. ಒಂದೊಂದೇ ಸಾಲು ಓದ್ತೀನಿ. ಸರಿ ಇದ್ರೆ ಸರಿ ಅನ್ನಿ."

"ಓದಮ್ಮ, ಓದು."

ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪ್ರತಿಜ್ಞೆ ಓದಿಸುವ ಹಾಗೆ ಕೂಗಿದೆ: "ಬಂಧಿಸಲಾದ ವ್ಯಕ್ತಿಗೆ ಬಂಧನದ ಕಾರಣವನ್ನು ತಿಳಿಸತಕ್ಕದ್ದು!"

"ಸರಿ."

ಕೆಳಗಿನಿಂದ ಅತ್ತೆಯ ದನಿ: "ನನಗೆ ತಿಳಿಸಿಲ್ಲವಲ್ಲ?"

ಕಾನ್‌ಸ್ಟೆಬಲ್ಲರ ಆಕಳಿಕೆ ಅರ್ಧಕ್ಕೇ ನಿಂತಿತು. "ಅದು ಬೋರ್ಡಿಗಮ್ಮ. ನೀನು ಸುಮ್ಮನಿರು."

"ಬಂಧನದ ವಿಷಯವನ್ನು ಆ ವ್ಯಕ್ತಿಯ ಮನೆಯವರಿಗೆ ತಿಳಿಸತಕ್ಕದ್ದು! ಸರಿನಾ ಸರ್?"

"ಸರಿ... ಕೂಗಬೇಡ ಕಣಮ್ಮ."

"ತನಗೆ ಬೇಕಾದ ವಕೀಲರನ್ನು ಕಾಣಲು ಬಿಡತಕ್ಕದ್ದು! ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸತಕ್ಕದ್ದು! ಇವು ಸಂವಿಧಾನ ಕೊಟ್ಟಿರುವ..." ಅಲ್ಲಿಗೆ ನಿಲ್ಲಿಸಿ ಕಣ್ಣು ಪಿಳಿಪಿಳಿ ಮಾಡಿದೆ. "ಸರ್, ಒಂದು ದಿನ ಅಂದ್ರೆ ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗಾ?"

"ಈಯಮ್ಮನ್ನ ಬಂಧಿಸಿಲ್ಲ. ಸುಮ್ಮನೆ ಕೂರಿಸಿದೀವಿ."

"ಓಹೋ! ಹಾಗಾದ್ರೆ ಎದ್ದು ಹೋಗಬಹುದು?"

"ಹೋಗೋ ಹಾಗಿಲ್ಲ."

"ಹಾಗಾದ್ರೆ ಬಂಧಿಸಿದೀರ."

"ಇಲ್ಲ ಅಂದೆನಲ್ಲ!"

"ಹಾಗಾದ್ರೆ ಹೋಗಬಹುದು."

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಹೊರಗೆ ಬಂದರು. ಅವರ ಬೂಟಿನ ಸದ್ದಿಗೆ ನನ್ನ ಏಣಿ ಅಲುಗಿತು. ಏಣಿಯೇ ಅಲುಗಿದ್ದು ಅಂತ ನೀನು ದಯವಿಟ್ಟು ನಂಬಬೇಕು.

"ಏಯ್ ಹುಡುಗಿ! ಬೋರ್ಡ್ ಬರಿ ಅಂದ್ರೆ ಭಾಷಣ ಮಾಡ್ತೀಯಾ? ನಿನಗೇನು ಕೊಂಬು ಬಂದಿದೆಯಾ?"

"ಇನ್ನೂ ಇಲ್ಲ ಸರ್. ಅದೊಂದೇ ಬಾಕಿ," ಅಂತ ಬೋರ್ಡಿನ ಕಡೆ ಕುಂಚ ತೋರಿಸಿದೆ. "ಬಂಧಿತರ ಹಕ್ಕಗಳು" ಅಂತ ನಿಂತಿತ್ತು ಅದು. ಹಕ್ಕಿಯೂ ಅಲ್ಲದ, ಹಕ್ಕೂ ಅಲ್ಲದ, ಯಾವುದೋ ಚರ್ಮದ ಕಾಯಿಲೆಯ ಹೆಸರಿನ ಹಾಗೆ.

"ನಿನ್ನನ್ನೂ ಕೂರಿಸಬೇಕಾಗುತ್ತೆ, ಹುಷಾರ್!"

ತಮಾಷೆ ಮುಗಿಯಿತು ಅಂತ ಅವರು ಅಂದುಕೊಂಡರು. ನನಗೂ ಒಂದು ಕ್ಷಣ ಹಾಗನ್ನಿಸಿತ್ತು. ಆದರೆ ಏಣಿ ಇಳಿದು, ಡಬ್ಬಕ್ಕೆ ಮುಚ್ಚಳ ಒತ್ತಿ, ಹೋಗಿ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತೆ. ಕುಂಚವನ್ನು ಮಡಿಲಲ್ಲಿಟ್ಟುಕೊಂಡೆ.

"ಕೂತೆ ಸರ್. ಈಗ ಕಾರಣ ಹೇಳಿ."

ಇನ್ಸ್‌ಪೆಕ್ಟರ್ ಬೋರ್ಡ್ ನೋಡಿದರು, ಕಾನ್‌ಸ್ಟೆಬಲ್ಲರ ಮುಖ ನೋಡಿದರು, ನನ್ನ ಕುಂಚ ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಆಗ ನನ್ನ ಪಕ್ಕದಿಂದ ಇಸ್ತ್ರಿ ಅತ್ತೆ ಎದ್ದಳು. ಸೊಂಟಕ್ಕೆ ಕೈಕೊಟ್ಟು, ನಿಧಾನವಾಗಿ. ಸೆರಗು ಕೊಡವಿಕೊಂಡಳು, ಒಂದು ಮಡಿಕೆ ನೆಟ್ಟಗೆ ಮಾಡಿಕೊಂಡಳು, ಕಸುಬಿನ ಅಭ್ಯಾಸ.

"ಸಾಹೇಬರೇ, ನನಗೆ ಓದೋಕೆ ಬರಲ್ಲ, ಕಿವಿ ಕೇಳಿಸುತ್ತೆ. ಹಿಡಿದಿದೀರ ಅಂದ್ರೆ ಯಾಕೆ ಅಂತ ಹೇಳಿ, ನನ್ನ ಮಗಳಿಗೆ ಫೋನ್ ಮಾಡಿ, ಜಡ್ಜ್ ಮುಂದೆ ಕರ್ಕೊಂಡು ಹೋಗಿ, ಬರ್ತೀನಿ. ಹಿಡಿದಿಲ್ಲ ಅಂದ್ರೆ ನಾನು ಹೊರಟೆ. ಒಗೆದ ಬಟ್ಟೆಗಳು ಹಾಗೇ ಬಿದ್ದಿವೆ."

ಹೊರಟಳು. ಬಾಗಿಲ ಹತ್ತಿರ ಒಂದು ಸಲ ನಿಂತಳು. ಹಿಂದಿನಿಂದ ಕೈ ಬೀಳುತ್ತದೇನೋ ಅಂತ ಬೆನ್ನು ಬಿಗಿಮಾಡಿಕೊಂಡಿದ್ದು ನನಗೆ ಕಾಣಿಸಿತು. ಬೀಳಲಿಲ್ಲ. ಮೆಟ್ಟಿಲು ಇಳಿದಳು. ಮಾರನೇ ದಿನ ಸಾಹೇಬರು ಬರುವವರಿದ್ದರಲ್ಲ, ನನ್ನನ್ನೂ ಯಾರೂ ತಡೆಯಲಿಲ್ಲ; ಏಣಿ ಹತ್ತಿ ಕೊಂಬು ಕೊಟ್ಟೆ. ಇಡೀ ಬೋರ್ಡಿನಲ್ಲಿ ಅಷ್ಟು ದಪ್ಪ ಕೊಂಬು ಇನ್ನೊಂದಿಲ್ಲ, ಬೇಕಾದರೆ ಬಂದು ನೋಡು.

ಇದು ಇಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಅವಳನ್ನು ಮತ್ತೆ ಕರೆದರು. ಈ ಸಲ ಕಾರಣ ಹೇಳಿ ಕರೆದರು: ಬಂಗಲೆಯವರ ಅಂಗಿ ಜೇಬಿನಲ್ಲಿದ್ದ ಉಂಗುರ ಕಾಣೆಯಾಗಿದೆಯಂತೆ. ಮಗಳನ್ನೂ ಒಬ್ಬ ವಕೀಲರನ್ನೂ ಕರೆದುಕೊಂಡು ಹೋಗಿ, "ನನಗೆ ಬಂದ ಅಂಗಿಗಳಿಗೆ ಜೇಬೇ ಇರಲಿಲ್ಲ" ಅಂತ ಹೇಳಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಳು. ಉಂಗುರ ಇನ್ನೂ ಸಿಕ್ಕಿಲ್ಲ. ದೂರು ಇನ್ನೂ ಇದೆ. ಆದರೆ ಮಾಡದ್ದನ್ನು ಅವಳು ಒಪ್ಪಿಕೊಂಡಿಲ್ಲ.

ಇನ್ನು ಮಾವನಿಗೆ ಸ್ಟೇಷನ್ ಕೆಲಸ ಶಾಶ್ವತವಾಗಿ ತಪ್ಪಿತು. "ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲೇ ರಾಕ್ಷಸಿ" ಅಂತ ಒಂದು ಇಡೀ ದಿನ ಗೋಳಾಡಿದರು. ಸಂಜೆ ಹೊತ್ತಿಗೆ, ಗಿರಾಕಿಗಳ ಮುಂದೆ, "ನಮ್ಮ ಹುಡುಗಿ ಇನ್ಸ್‌ಪೆಕ್ಟರ್‌ಗೆ ಏನಂದ್ಲು ಗೊತ್ತಾ" ಅಂತ ನಾನು ಆಡದೇ ಇರುವ ಮಾತುಗಳನ್ನೂ ಸೇರಿಸಿ ಹೇಳುತ್ತಿದ್ದರು. ಇಸ್ತ್ರಿ ಅತ್ತೆ ತನ್ನ ಅಂಗಡಿಯ ಬಾಗಿಲ ಮೇಲೆ ಹಾಕೋಕೆ ಆ ನಾಲ್ಕು ಸಾಲಿನ ಬೋರ್ಡ್ ಬರೆದುಕೊಡು ಅಂತ ಬಂದಿದ್ದಾಳೆ. "ಓದೋಕೆ ಬರಲ್ಲವಲ್ಲ ಅತ್ತೆ?" ಅಂದೆ. "ಬಟ್ಟೆ ಕೊಡೋಕೆ ಬರೋರು ಕಾಯ್ತಾ ನಿಂತಿರ್ತಾರಲ್ಲ, ಅವರು ಗಟ್ಟಿಯಾಗಿ ಓದಲಿ. ಕೇಳ್ತಾ ಕೇಳ್ತಾ ನನಗೂ ಬಾಯಿಪಾಠ ಆಗುತ್ತೆ" ಅಂದಳು. ಈಗ ಅದನ್ನೇ ಬರೆಯುತ್ತಿದ್ದೇನೆ. ಮಧ್ಯೆ ಬಣ್ಣ ಒಣಗುವ ಹೊತ್ತಿನಲ್ಲಿ ನಿನಗೆ ಈ ಪತ್ರ.

ಅಣ್ಣ, ನಗುನಗುತ್ತಲೇ ಒಂದು ಮಾತು. ಸಂವಿಧಾನ ಅಂದರೆ ಪರೀಕ್ಷೆಗೆ ಉರುಹೊಡೆದು ಮರೆಯೋದು ಅಂದುಕೊಂಡಿದ್ದೆ. ಆ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು. ತಿಳಿಯದವರಿಗೂ ಹಕ್ಕು ಇರುತ್ತದೆ. ಆದರೆ ಅದು ಗೋಡೆಯ ಮೇಲೆ ಹಕ್ಕಿಯಾಗಿ ಕೂತಿರುತ್ತದೆ, ಚಿಲಿಪಿಲಿ ಕೂಡ ಅನ್ನಲ್ಲ. "ನನಗೆ ತಿಳಿಸಿಲ್ಲವಲ್ಲ" ಅಂತ ಯಾರಾದರೂ ಕೇಳಬೇಕು. ಕೇಳಬೇಕಾದರೆ ಗೊತ್ತಿರಬೇಕು. ಕೇಳಿದ್ದಕ್ಕೆ ಕೊಂಬು ಬಂದಿದೆಯಾ ಅಂದರೆ, ಹೌದು, ಬಂದಿದೆ ಅನ್ನಬೇಕು.

ಚಿಕ್ಕವಳು ದೊಡ್ಡವನಿಗೆ ಆಶೀರ್ವಾದ ಮಾಡಬಾರದು ಅಂತ ನಾನು ಬರೆದ ಯಾವ ಬೋರ್ಡಿನಲ್ಲೂ ಇಲ್ಲ. ಆದ್ದರಿಂದ ಆಶೀರ್ವದಿಸುತ್ತೇನೆ: ನಿನ್ನ ಲಾರಿಯ ಟೈರು ಉಬ್ಬಿರಲಿ, ಹೊಟ್ಟೆ ಉಬ್ಬದಿರಲಿ. ಬ್ರೇಕು ಹಿಡಿಯಲಿ, ನೆಗಡಿ ಹಿಡಿಯದಿರಲಿ. ಇರುವಷ್ಟು ಕೂದಲಾದರೂ ಉಳಿಯಲಿ.

ಇಂತಿ ನಿನ್ನ,
ಬಣ್ಣ ಬಳಿದುಕೊಂಡ ತಂಗಿ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ. ನಾನು ಅತ್ತೆಗೋಸ್ಕರ ಕೂತೆ ಅಂತ ಬೀದಿಯವರೆಲ್ಲ ಹೊಗಳುತ್ತಿದ್ದಾರೆ. ನಾನು ಕೂತದ್ದು ನಿನ್ನ ಜಾಗದಲ್ಲಿ. ಅದೇ ಬೆಂಚಲ್ಲವಾ ಅಣ್ಣ? ನಿನ್ನನ್ನೂ "ಸುಮ್ಮನೆ ಕೂರಿಸಿದ್ದು". ನೀನು ಕದ್ದೆ ಅಂತ ಅವರು ಹೇಳಿದ ಆ ಸೈಕಲ್ಲನ್ನು ನೀನು ಮುಟ್ಟಿಯೂ ಇರಲಿಲ್ಲ. ಮನೆಗೆ ಕಳಿಸ್ತಾರೆ ಅಂತ ಹ್ಞೂಂ ಅಂದೆ. ಆಮೇಲೆ ಬೀದಿಯವರು ಬೇರೆ ಹೆಸರಿಟ್ಟು ಕರೆದರು, ನೀನು ಊರು ಬಿಟ್ಟೆ. ನಿನ್ನನ್ನು ಕೂರಿಸಿದ ಆ ದಿನ ಅಪ್ಪ ಸ್ಟೇಷನ್ ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕೈಕಟ್ಟಿ ನಿಂತಿದ್ದರು. ನಾನು ಅವರ ಬೆರಳು ಹಿಡಿದುಕೊಂಡಿದ್ದೆ. ಬೋರ್ಡು ನಿನ್ನ ತಲೆಯ ಮೇಲೇ ಇತ್ತು. ನಿನಗೆ ಓದೋಕೆ ಬರುತ್ತಿತ್ತು. ಅಪ್ಪನಿಗೂ ಬರುತ್ತಿತ್ತು. ಯಾರೂ ತಲೆಯೆತ್ತಲಿಲ್ಲ. ಅಪ್ಪ ಇವತ್ತಿಗೂ ಆ ರಸ್ತೆ ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಾರೆ. ನಾನು ದಿನಾ ಅದೇ ರಸ್ತೆಯಲ್ಲಿ ಹೋಗುತ್ತೇನೆ, ಬೇಕಂತಲೇ, ಚಪ್ಪಲಿ ಸದ್ದು ಮಾಡಿಕೊಂಡು. ನೀನು ಬಾ. ಅಪ್ಪನನ್ನೂ ಎಳೆದುಕೊಂಡು ಮೂವರೂ ಹೋಗೋಣ.