ನಾಲ್ವರೆಂದು ನಂಬಿದ್ದ ಬ್ಯಾಂಡ್

ಮೈಲಾಪೂರ್, ಭಾನುವಾರ

ಮೆಲ್ವಿನ್ ಸಿಕ್ವೇರಾ ಮಾಸ್ಟರಿಗೆ ನಮಸ್ಕಾರ.

ನಿಮ್ಮ ತಾಯಿ ಮಂಗಳೂರಿನವರಂತೆ, ಅದಕ್ಕೇ ಕನ್ನಡದಲ್ಲಿ ಬರೆಯುವ ಧೈರ್ಯ. ನಾನು ಇಲ್ಲಿನ ಹೋಟೆಲೊಂದರ ದೋಸೆ ಭಟ್ಟ. ನಿಮ್ಮ ಹಳೆಯ ಎರಡೂ ರಾಕ್ ಬ್ಯಾಂಡುಗಳನ್ನು ರಾಯಪುರಂ ಮೈದಾನದಲ್ಲಿ ನಿಂತು ಕೇಳಿದವನು. ಗಿಟಾರ್ ಇರಲಿ, ಡ್ರಮ್ ಇರಲಿ, ನಿಮ್ಮ ಕೈಯನ್ನು ಕಣ್ಣು ಮುಚ್ಚಿಯೇ ಗುರುತಿಸುತ್ತೇನೆಂದು ಅಡುಗೆಮನೆಯಲ್ಲೆಲ್ಲ ಕೊಚ್ಚಿಕೊಂಡಿದ್ದೆ.

ನನ್ನ ಕೋಣೆಯಲ್ಲಿದ್ದ ಮೂವರೂ ಕೆಲಸ ಬಿಟ್ಟು ಊರಿಗೆ ಹೋದರು. ಆಮೇಲೆ ನಿಮ್ಮ ಹೊಸ ಬ್ಯಾಂಡನ್ನು ಫೋನಿನಲ್ಲಿ ಹಾಕಿಕೊಂಡೇ ಊಟ. ನಾಲ್ಕು ಜನ ಜೊತೆಗೆ ಕೂತ ಹಾಗಿರುತ್ತಿತ್ತು. ಡ್ರಮ್ಮಿನವನ ದುಡುಕು ನೋಡಿದರೆ ನಮ್ಮ ಕುಂದಾಪುರದವನೇ ಇರಬೇಕು ಅಂದುಕೊಂಡಿದ್ದೆ.

ಮೊನ್ನೆ ಇಲ್ಲೇ ಬೆಳೆದ ತಂಗಿಯ ಮಗಳು ವೀಕ್ಷಾ ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ನಕ್ಕಳು. “ಅಯ್ಯೋ ಮಾಮ, ಬ್ಯಾಂಡೂ ಇಲ್ಲ ಗೀಂಡೂ ಇಲ್ಲ. ಎಲ್ಲಾ ಅವರೊಬ್ಬರೇ ದಾನ್, ಒಂದು ರೂಮಲ್ಲಿ ಕೂತು ನುಡಿಸಿದ್ದು.”

ಅಂದಿನಿಂದ ಊಟ ಸೇರುತ್ತಿಲ್ಲ.

ಮಾಸ್ಟರೇ, ಮುಂದಿನ ಹಾಡಿನಲ್ಲಿ ಒಂದು ವಾದ್ಯ ನನಗೆ ಬಿಡಿ. ಏಳನೇ ಕ್ಲಾಸಿನಲ್ಲೇ ಚೆಂಡೆ ಬಾರಿಸಿ ಹೆಡ್‌ಮಾಸ್ಟರನ್ನು ಕುಣಿಸಿದವನು ನಾನು. ಮಂಗಳವಾರ ರಜೆ, ಬಸ್ಸು ಹತ್ತಿ ನಾನೇ ಬರುತ್ತೇನೆ. ತಾಳ ತಪ್ಪಿದರೆ ಬೈಯಿರಿ. ಬೈಯುವುದಕ್ಕಾದರೂ ಇಬ್ಬರು ಬೇಕಲ್ಲ.

ನಿಮ್ಮ ಒಂದು ಸಾಲಿಗೆ ಕಾದಿರುವ,
ಗಣಪ ದೇವಾಡಿಗ