ಅಮ್ಮನ ಕೋವಿಗೆ ಹೊಸ ಅಳತೆ

ಸೇಜ್ ಫೋರ್ಕ್, ಮೊಂಟಾನಾ
ಅಕ್ಟೋಬರ್ 9, 1986, ಗುರುವಾರ

ಪ್ರೀತಿಯ ಮಗಳು ಮಾರಿಟ್‌ಗೆ,

ನಿನ್ನ ಕೆಮ್ಮು ಇಳಿಯಿತೇ? ಶಾಲೆಯ ಒಲೆ ಹೊಗೆ ಕಕ್ಕುತ್ತದೆ ಎಂದು ನೀನು ಬರೆದಿದ್ದೆ. ಕೊಳವೆಯೊಳಗೆ ಹಕ್ಕಿ ಗೂಡು ಕಟ್ಟಿರಬಹುದು. ಮಕ್ಕಳ ಅಪ್ಪಂದಿರಲ್ಲಿ ಯಾರಿಗಾದರೂ ಏಣಿ ಹತ್ತಲು ಹೇಳು, ನೀನೇ ಹತ್ತಬೇಡ. ಹತ್ತುತ್ತೀಯ ಎಂದು ಗೊತ್ತು, ಆದರೂ ಹೇಳಿದ್ದೇನೆ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಅದರ ಪಾಡಿಗೆ ಗೊಣಗುತ್ತದೆ. ಊಟಕ್ಕೆ ಕೊರತೆಯಿಲ್ಲ, ಹೋದ ವರ್ಷದ ಎಲ್ಕ್ ಜಿಂಕೆಯ ಮಾಂಸ ಫ್ರೀಜರಿನ ತಳದಲ್ಲಿ ಇನ್ನೂ ಇದೆ, ಪೊಟ್ಟಣಗಳ ಮೇಲೆ ನಿನ್ನ ಅಮ್ಮನ ಕೈಬರಹ. ಬಿಚ್ಚಿದ ಮೇಲೆ ಆ ಕಾಗದವನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ತೊಳೆದು ಸಿಂಕಿನ ಪಕ್ಕ ಒಣಗಲು ಹಾಕುತ್ತೇನೆ. ಇದನ್ನು ಓದಿ ಗಾಬರಿಯಾಗಬೇಡ, ನನ್ನ ತಲೆ ನೆಟ್ಟಗಿದೆ.

ಈಗ ನೀನು ಕೇಳಿದ ವಿಷಯ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುತ್ತೇನೆ, ಅಮ್ಮನ ಕೋವಿಯಲ್ಲೇ ಎಲ್ಕ್ ಬೇಟೆಗೆ ಹೋಗುತ್ತೇನೆ, ಅಮ್ಮ ಹಾಕುತ್ತಿದ್ದಷ್ಟೇ ಮದ್ದು ಹಾಕಿ ತೋಟಾ ತುಂಬಿಡು, ಒಂದು ಕಾಳೂ ಹೆಚ್ಚುಕಡಿಮೆ ಮಾಡಬೇಡ ಎಂದು ಬರೆದಿದ್ದೀಯ. ಅವಳ ಬಟ್ಟೆಗಳನ್ನು ಚರ್ಚಿಗೆ ಕೊಟ್ಟುಬಿಟ್ಟೆನೆಂದು ನಿನಗೆ ನನ್ನ ಮೇಲೆ ಬೇಸರವಿದೆ, ಅದು ನನಗೆ ಗೊತ್ತು. "ಇದನ್ನಾದರೂ ಬದಲಾಯಿಸಬೇಡಪ್ಪ" ಎಂಬ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದೆ. ಆದರೆ ಬದಲಾಯಿಸಿದ್ದೇನೆ ಮಾರಿಟ್. ಸಿಟ್ಟಾಗುವ ಮೊದಲು ಪೂರ್ತಿ ಓದು. ಆ ಕೋವಿಗೆ ಕೆನ್ನೆ ಒತ್ತಿ ಕೂರುವವಳು ನೀನು. ಮದ್ದಿನ ಒತ್ತಡ ಮಿತಿ ಮೀರಿದರೆ ಅದು ಹಿಂದಕ್ಕೆ ಸಿಡಿಯುವುದು ನಿನ್ನ ಕಣ್ಣಿಗೆ.

ಆ ಅಳತೆ ನಿನ್ನ ಅಮ್ಮನಿಗೆ ಯಾರೋ ಕಿವಿಯಲ್ಲಿ ಊದಿದ್ದಲ್ಲ. ನೀನಿನ್ನೂ ಕೂಸು, ಆಗ ಒಂದು ಬೇಸಿಗೆಯುದ್ದಕ್ಕೂ ಅವಳು ಅಡುಗೆಮನೆಯ ಮೇಜಿನ ಆ ತುದಿಯಲ್ಲಿ ತಕ್ಕಡಿ ಇಟ್ಟುಕೊಂಡು ಕೂರುತ್ತಿದ್ದಳು, ಈ ತುದಿಯಲ್ಲಿ ನಾನು ತೋಟಾದ ಹಿತ್ತಾಳೆಯ ಖಾಲಿ ಚಿಪ್ಪುಗಳನ್ನು ಉಜ್ಜಿ ಕೊಡುತ್ತಿದ್ದೆ. ನನಗೆ ಅವಸರ. ಅವಳು ತಲೆ ಎತ್ತದೆ ಹೇಳುತ್ತಿದ್ದಳು: "ಕೆಳಗಿಂದ ಹತ್ತು, ಹಾಲ್ವರ್. ಮೇಲಿಂದ ಇಳಿಯೋಕೆ ಮೆಟ್ಟಿಲು ಇರಲ್ಲ." ಕಡಿಮೆ ಮದ್ದಿನಿಂದ ಹಾಗೆ ಹತ್ತಿ ಹತ್ತಿ ಸಿಕ್ಕಿದ ಅಳತೆ ಅದು. ಆ ಕೋವಿಗೆ, ಆ ಡಬ್ಬದ ಮದ್ದಿಗೆ, ಆ ಚಿಪ್ಪುಗಳಿಗೆ ಮಾತ್ರ ಹೇಳಿ ಮಾಡಿಸಿದ್ದು. ಈಗ ಆ ಡಬ್ಬ ಬರಿದಾಗಿದೆ. ಹಳೆಯ ಚಿಪ್ಪುಗಳ ಕತ್ತು ಸೀಳಿದೆ. ಆಗಸ್ಟ್‌ನಲ್ಲಿ ನಾನೂ ನಿನ್ನ ಕ್ಲೆಟಸ್ ಮಾವನೂ ಬಿಲ್ಲಿಂಗ್ಸ್‌ಗೆ ಹೋಗಿ ಹೊಸ ಮದ್ದು, ಹೊಸ ಚಿಪ್ಪು ತಂದು ಅರ್ಧರ್ಧ ಹಂಚಿಕೊಂಡೆವು. ಮದ್ದಿನ ಡಬ್ಬದ ಮೇಲೆ ಹೆಸರು ಅದೇ. ಆದರೆ ಒಂದೇ ಅಂಗಡಿಯ ಕಾಫಿಪುಡಿ ಕೂಡ ಒಂದು ಸಲ ಗಾಢ, ಇನ್ನೊಂದು ಸಲ ತೆಳುವಲ್ಲವೇ? ಚಿಪ್ಪು ಮಾತ್ರ ಬೇರೆ ಕಂಪನಿಯದು, ನೋಡಲು ಅವಳಿಜವಳಿ.

ನಾನು ಕೆಳಗಿನಿಂದ ಶುರು ಮಾಡುತ್ತೇನೆ ಎಂದಾಗ ಕ್ಲೆಟಸ್ ಹುಬ್ಬು ಗಂಟಿಕ್ಕಿದ. ಅಕ್ಕ ಸತ್ತ ಮೇಲೆ ಅವನಿಗೆ ಅವಳ ಪ್ರತಿಯೊಂದು ಮಾತೂ ವೇದ. "ಅಲ್ಲ ಭಾವ, ನಮ್ಮಕ್ಕ ಇಪ್ಪತ್ತು ವರ್ಷ ಹೊಡೆದ ಅಳತೆ. ಬೈಬಲ್ಲನ್ನೂ ಹೀಗೇ ತಿದ್ದುತೀಯಾ ನೀನು?" ಎಂದ. ಇಲ್ಲಿ ಎಲ್ಲರೂ ಹಾಗೆಯೇ. ಅಪ್ಪನ ಕುದುರೆ ತಡಿ, ಅಜ್ಜನ ಚಾಕು, ಅಮ್ಮನ ಅಳತೆ, ಎಲ್ಲವನ್ನೂ ಒಂದೇ ಮೊಳೆಗೆ ನೇತುಹಾಕುತ್ತಾರೆ. ನಾನು ಅವನ ಜೊತೆ ವಾದ ಮಾಡಲಿಲ್ಲ. ರೇಡಿಯೋ ಆರಿಸಿದೆ, ಮೇಜಿನ ಮೇಲೆ ಒಂದೇ ಒಂದು ಮದ್ದಿನ ಡಬ್ಬ ಇಟ್ಟುಕೊಂಡೆ, ತಕ್ಕಡಿಯ ಮುಳ್ಳು ಸೊನ್ನೆಗೆ ಬರುವವರೆಗೆ ಕಾದೆ. ಮದ್ದಿನ ಕಂಪನಿಯವರ ಪುಸ್ತಕದಲ್ಲಿ ಎಲ್ಲಕ್ಕಿಂತ ಕಡಿಮೆ ಎಂದು ಯಾವ ಅಳತೆ ಕೊಟ್ಟಿದ್ದಾರೋ ಅಲ್ಲಿಂದ ಶುರು. ಅಲ್ಲಿಂದ ಮೇಲಕ್ಕೆ ಸಣ್ಣ ಸಣ್ಣ ಹೆಜ್ಜೆ. ಪ್ರತಿ ಹೆಜ್ಜೆಗೂ ಒಂದಿಷ್ಟೇ ತೋಟಾ, ಅವುಗಳ ಮೈಮೇಲೆ ಗುರುತು. ಗುಂಡು ಕೂರಿಸುವ ಮೊದಲು ಎಲ್ಲ ಚಿಪ್ಪುಗಳನ್ನೂ ಸಾಲಾಗಿ ನಿಲ್ಲಿಸಿ ಟಾರ್ಚ್ ಬಿಟ್ಟು ಒಳಗೆ ಇಣುಕಿದೆ. ಯಾವುದರಲ್ಲಾದರೂ ಮದ್ದು ಅಕ್ಕಪಕ್ಕದ್ದಕ್ಕಿಂತ ಎತ್ತರವಿದ್ದರೆ ಅಲ್ಲೇ ಕಾಣುತ್ತದೆ.

ಶನಿವಾರ ಜಲ್ಲಿ ಗುಂಡಿಯ ಹತ್ತಿರ ಹೊಡೆದು ನೋಡಿದೆ. ಕ್ಲೆಟಸ್ ಥರ್ಮಾಸ್ ಹಿಡಿದುಕೊಂಡು ಬಂದಿದ್ದ, ನನ್ನನ್ನು ಗೇಲಿ ಮಾಡಲಿಕ್ಕೇ ಎನ್ನು. ಒಂದೊಂದು ಹೆಜ್ಜೆ ಹೊಡೆದು, ನಳಿಗೆ ಕೈಗೆ ತಣ್ಣಗಾಗುವವರೆಗೆ ಕೂತು, ಬಿದ್ದ ಚಿಪ್ಪನ್ನು ಎತ್ತಿ, ಮದ್ದಿಗೆ ಕಿಡಿ ಕೊಡುವ ಬುಡದ ಕೇಪು ನೋಡುತ್ತಿದ್ದೆ, ಒತ್ತಡ ಹೆಚ್ಚಾದರೆ ಮೊದಲು ಅಲ್ಲೇ ಕಾಣುವುದು. "ಕೋವಿ ಕೂಗಲ್ಲ, ಗೊಣಗುತ್ತೆ. ಕೇಳಿಸ್ಕೋ" ಎಂದು ನಿನ್ನ ಅಮ್ಮ ಹೇಳುತ್ತಿದ್ದಳಲ್ಲ. ಕೆಳಗಿನ ಹೆಜ್ಜೆಗಳಲ್ಲಿ ಕೇಪಿನ ಅಂಚು ದುಂಡಗೇ ಇತ್ತು, ಖಾಲಿ ಚಿಪ್ಪನ್ನು ಹೊರಗೆಳೆಯುವ ಬೋಲ್ಟಿನ ಹಿಡಿ ಎರಡು ಬೆರಳಿಗೆ ಎದ್ದು ಬರುತ್ತಿತ್ತು. ಆಮೇಲೆ ಒಂದು ಹೆಜ್ಜೆಯಲ್ಲಿ ಕೇಪು ರೊಟ್ಟಿಯ ಹಾಗೆ ಚಪ್ಪಟೆಯಾಯಿತು, ಹಿಡಿ ಏಳಲಿಲ್ಲ. ಅಂಗೈಯಿಂದ ಗುದ್ದಿ ಎತ್ತಬೇಕಾಯಿತು. ಆ ಹೆಜ್ಜೆ ಅಮ್ಮನ ಅಳತೆಗಿಂತ ಇನ್ನೂ ಕೆಳಗಿತ್ತು ಮಾರಿಟ್. ಅಲ್ಲಿಗೆ ನಿಲ್ಲಿಸಿದೆ. "ಒಂಚೂರು ಬಿಗಿಯಾಗಿದ್ದಕ್ಕೆ ಹೆದರಿಬಿಟ್ಯಾ ಭಾವ? ಬೋಲ್ಟಿಗೂ ವಯಸ್ಸಾಗಿದೆ, ನಿನ್ನ ಮೊಣಕಾಲಿನ ಹಾಗೆ" ಎಂದು ಕ್ಲೆಟಸ್ ನಕ್ಕ. ನಾನೂ ನಕ್ಕೆ. ಆದರೆ ಉಳಿದ ತೋಟಾಗಳನ್ನು ಕೋವಿಗೆ ತೋರಿಸಲೂ ಇಲ್ಲ. ಮನೆಗೆ ತಂದು ಗುಂಡು ಕಿತ್ತು ಮದ್ದನ್ನು ಸುರಿದೆ.

ಭಾನುವಾರ ಕಾರಣವನ್ನೂ ಹುಡುಕಿದೆ. ಅಮ್ಮನ ಹಳೆಯ ಚಿಪ್ಪೊಂದು ಡ್ರಾಯರಿನಲ್ಲಿ ಸಿಕ್ಕಿತು. ಅದಕ್ಕೂ ಹೊಸದಕ್ಕೂ ಕತ್ತಿನ ಬುಡದವರೆಗೆ ನೀರು ತುಂಬಿ ತೂಗಿದೆ. ಹೊಸದರಲ್ಲಿ ನೀರು ಕಡಿಮೆ ಹಿಡಿಯಿತು. ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಸಣ್ಣ ಪಾತ್ರೆಯಲ್ಲಿ ಅಷ್ಟೇ ಹಾಲು ಕಾಯಿಸಿದರೆ ಉಕ್ಕದೆ ಏನು ಮಾಡುತ್ತದೆ? ಅಮ್ಮ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದಳು, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವಳು ಉಳಿಸಿಹೋದದ್ದು ಹತ್ತುವ ಕ್ರಮವನ್ನು. ಆ ಕ್ರಮದಲ್ಲೇ ಹತ್ತಿ, ಗೊಣಗಿದ ಹೆಜ್ಜೆಯಿಂದ ಸಾಕಷ್ಟು ಕೆಳಗಿಳಿದು ನಿಂತಿದ್ದೇನೆ. ಆ ಅಳತೆಯಲ್ಲಿ ಹೊಡೆದಾಗ ಗುರಿಯ ಮೇಲೆ ಬಿದ್ದ ತೂತುಗಳನ್ನು ಒಂದು ಬಿಸ್ಕತ್ತಿನಿಂದ ಮುಚ್ಚಬಹುದು. ಎಲ್ಕ್‌ಗೆ ಅಷ್ಟು ಧಾರಾಳ. ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀನು ಅದನ್ನು ನಿನ್ನ ಕೋವಿಗೂ ಹಾಕುತ್ತೀಯ. ಅದು ಅದೇ ತೋಟಾ ತಿನ್ನುವ ಕೋವಿಯಾದರೂ ಅದರ ಹೊಟ್ಟೆ ಬೇರೆ, ಅದಕ್ಕೆ ಮತ್ತೆ ಕೆಳಗಿನಿಂದಲೇ ಹತ್ತಬೇಕು.

ನಿನ್ನ ಅಮ್ಮ ತೂಗುವಾಗ ಮೂಗಿನಲ್ಲೇ ಏನೋ ಗುನುಗುತ್ತಿದ್ದಳು, ಅದು ಯಾವ ಹಾಡು ಎಂದು ಈ ಮೂವತ್ತು ವರ್ಷಗಳಲ್ಲಿ ನಾನು ಕೇಳಲೇ ಇಲ್ಲ. ನಿನಗೆ ಗೊತ್ತಿದ್ದರೆ ಬರೆ.

ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೋ. ನಿನ್ನ ಶಾಲೆಯ ಮಕ್ಕಳಿಗೆ ನನ್ನ ನೆನಪು ಹೇಳು. ದೇವರು ನಿನ್ನ ದಾರಿಯ ಮಂಜನ್ನು ತೆಳ್ಳಗಿಡಲಿ.

ನಿನ್ನ ಅಪ್ಪ,
ಹಾಲ್ವರ್

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ, ಅಂಚೆಯ ಗಾಡಿ ಗೇಟಿನಲ್ಲಿ ನಿಂತಿದೆ. ಕ್ಲೆಟಸ್ ಈಗಷ್ಟೇ ಬಂದಿದ್ದ. ಮುಂದಿನ ವಾರ ನೀನು ಅಲ್ಲಿ ಆಂಟೆಲೋಪ್ ಬೇಟೆಗೆ ಹೋಗುತ್ತೀಯೆಂದು ಅವನಿಗೆ ಬರೆದಿದ್ದೆಯಂತೆ. "ಹುಡುಗಿ ಆಸೆಪಟ್ಟಳು ಭಾವ, ಅಕ್ಕನ ಅಳತೆಯಲ್ಲೇ ಒಂದು ಪೆಟ್ಟಿಗೆ ತುಂಬಿ ಕಳಿಸಿಬಿಟ್ಟೆ" ಎಂದ. ಹೊಸ ಚಿಪ್ಪು, ಹೊಸ ಮದ್ದು, ಅಮ್ಮನ ಹಳೆಯ ಅಳತೆ. ನಿಮ್ಮ ಕಡೆಗೆ ಕುದುರೆ ಸಾಗಿಸುವ ಲಾರಿಯವನ ಕೈಯಲ್ಲಿ ಕೊಟ್ಟಿದ್ದಾನೆ, ಈಗಾಗಲೇ ನಿನಗೆ ತಲುಪಿರಬೇಕು. ನಿನಗೆ ಫೋನ್ ಇಲ್ಲ. ನಿಮ್ಮ ಊರಿನ ಅಂಗಡಿಗೆ ಫೋನ್ ಮಾಡಿ ಹೇಳಿದ್ದೇನೆ, ಆದರೆ ಆ ಅಂಗಡಿಯವನ ನೆನಪನ್ನು ನಂಬುವಂತಿಲ್ಲ. ಒಂದನ್ನೂ ಹೊಡೆಯಬೇಡ. ಪರೀಕ್ಷೆಗೆಂದೂ ಬೇಡ, ಅಮ್ಮನ ನೆನಪಿಗೆಂದೂ ಬೇಡ. ಬೇಟೆಗೆ ಅಂಗಡಿಯ ತೋಟಾ ತೆಗೆದುಕೋ. ಮಾವನನ್ನು ಬೈಯಬೇಡ, ವಿಷಯ ತಿಳಿದು ಅವನು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದಾನೆ. ಪೆಟ್ಟಿಗೆಯನ್ನು ಹಾಗೇ ಊರಿಗೆ ತಾ. ನೀನು ಅಮ್ಮನ ಕುರ್ಚಿಯಲ್ಲಿ ಕೂತುಕೋ, ಇಬ್ಬರೂ ಸೇರಿ ಒಂದೊಂದಾಗಿ ಗುಂಡು ಕೀಳೋಣ. ಬಟ್ಟೆಯ ವಿಷಯಕ್ಕೆ ನನ್ನನ್ನು ಬೈಯುವುದಿದ್ದರೆ ಆಗ ಬೈ, ನಾನು ಎದ್ದು ಹೋಗುವುದಿಲ್ಲ.