ನಿನ್ನ ತಾಯಿಗಾಗಿ ತೊಟ್ಟ ಕಪ್ಪು

ಪ್ರೀತಿಯ ಲವೀನಿಯಾ,

ನೀನು ಹೋಗಿ ಎರಡು ವರ್ಷಕ್ಕೆ ನಿನ್ನ ತಾಯಿಯೂ ತೀರಿಕೊಂಡರು. ನಿನ್ನ ನಂತರ ಎಡ್ಮಂಡ್‌ನ ಎರಡನೆಯ ಹೆಂಡತಿಯಾದ ನಾನು ಅವರಿಗಾಗಿ ಮೂರು ತಿಂಗಳು ಶೋಕದ ಕಪ್ಪು ತೊಡಬೇಕು, ಪದ್ಧತಿ ಹಾಗಿದೆ. ಹೊಸದನ್ನು ಹೊಲಿಸಲು ಸಮಯವಿರಲಿಲ್ಲ. ನಿನ್ನ ತಂದೆ ಸತ್ತಾಗ ನೀನು ತೊಟ್ಟಿದ್ದ ಕಪ್ಪು ರೇಷ್ಮೆಯ ಗೌನನ್ನು ಎಡ್ಮಂಡನೇ ಪೆಟ್ಟಿಗೆಯಿಂದ ತೆಗೆದುಕೊಟ್ಟ. ಒಂದು ಹೊಲಿಗೆಯನ್ನೂ ಬಿಚ್ಚಬೇಕಾಗಲಿಲ್ಲ. ಅದು ನನ್ನ ಮೈಗೆ ಸರಿಯಾಗಿ ಕೂತದ್ದನ್ನು ನೋಡಿ ಅವನು ಕೋಣೆಯಿಂದ ಹೊರಗೆ ಹೋದ.

ಇವತ್ತು ಯಾರ್ಕ್‌ನ ನಿಮ್ಮ ಮನೆಗೆ ಹೋಗಿದ್ದೆವು. ಸಾವಿನ ಮನೆಯೆಂದು ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದ್ದರು. ಕಣ್ಣು ಕಾಣದ ನಿನ್ನ ಚಿಕ್ಕಮ್ಮ ಟ್ಯಾಬಿತಾ ಬೆಂಕಿಯ ಪಕ್ಕ ಕೂತಿದ್ದರು. ನಾನು ಬಗ್ಗಿ ಕೈ ಹಿಡಿದಾಗ ಅವರ ಬೆರಳುಗಳು ರೇಷ್ಮೆಯ ತೋಳನ್ನು ಸವರುತ್ತ ಬಂದು, ಮಣಿಕಟ್ಟಿನಲ್ಲಿ ನೀನು ಹಾಕಿದ್ದ ತೇಪೆಯ ಮೇಲೆ ನಿಂತವು.

"ಲವೀ, ಬಂದ್ಯೇನೇ? ಎಷ್ಟೊತ್ತು ಮಾಡ್ದೆ ಕಣೇ!"

ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಬಂದೆ ಚಿಕ್ಕಮ್ಮ" ಎಂದೆ.

"ಜ್ವರ ಬಿಡ್ತಾ? ಡಾರ್ಕಸ್‌ನ ಕರೀರಿ, ಡಾರ್ಕಸ್‌ನ ಕರೀರಿ ಅಂತ ಒಂದೇ ಸಮ ಅಳ್ತಿದ್ದೆಯಲ್ಲ. ಮೂರು ಸಂಜೆ ಹೇಳಿ ಕಳಿಸಿದ್ವಿ. ಕೊನೆಗೂ ಬಂದ್ಲಾ ಅವಳು?"

ಎಡ್ಮಂಡ್ ಕಿಟಕಿಯ ಬಳಿ ನಿಂತಿದ್ದ. ಆ ಮೂರು ಸಂಜೆ ನಾನು ಎಲ್ಲಿದ್ದೆನೆಂದು ಅವನೊಬ್ಬನಿಗೇ ಗೊತ್ತು. ಅವನು ನಮ್ಮತ್ತ ತಿರುಗಲಿಲ್ಲ.

"ಬಂದಿದ್ಲು ಚಿಕ್ಕಮ್ಮ. ನನ್ ಕೈ ಹಿಡ್ಕೊಂಡೇ ಕೂತಿದ್ಲು."

ಅವರ ಮುಖ ಅರಳಿತು. "ನಂಗೊತ್ತಿತ್ತು. ಒಳ್ಳೇ ಹುಡುಗಿ ಕಣೇ ಅವಳು" ಎಂದರು.

ಡಾರ್ಕಸ್